ಬಾಸೆಲ್‌ನ ಕಲಾ ಸಂಗ್ರಹಾಲಯ ತನ್ನ ವಯಸ್ಸನ್ನು 1661ರಿಂದ ಎಣಿಸುವುದೇಕೆ?

ಪ್ರಶ್ನೆ: ಮಲೆನಾಡಿನ ಓದುಗ

ಉದ್ಯೋಗದ ನಿಮಿತ್ತ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಬಂದು ನೆಲೆಸಿರುವ ನನಗೆ ಇಲ್ಲಿನ ಕಲಾ ಸಂಗ್ರಹಾಲಯದ ವಿಷಯದಲ್ಲಿ ಒಂದು ಸಂದೇಹವಿದೆ. ಅಂಗಳದಲ್ಲಿ ಫ್ರೆಂಚ್ ಶಿಲ್ಪಿ ರೊದ್ಯಾನ ಕಂಚಿನ ಪ್ರತಿಮೆಗಳು ನಿಂತಿರುವ ಮುಖ್ಯ ಕಟ್ಟಡ 1936ರದು. ರಸ್ತೆಯ ಆಚೆಗಿದ್ದು, ನೆಲದಡಿಯ ಹಾದಿಯ ಮೂಲಕ ಇದಕ್ಕೆ ಕೂಡಿಕೊಂಡಿರುವ ಬೂದುಬಣ್ಣದ ಇಟ್ಟಿಗೆಯ ಹೊಸ ಕಟ್ಟಡ 2016ರದು. ಹೀಗಿದ್ದರೂ ಸಂಗ್ರಹದ ಹುಟ್ಟನ್ನು ಇವರು ಎಣಿಸುವುದು 1661ರಿಂದ. ಆ ಲೆಕ್ಕದಂತೆ 2011ರಲ್ಲಿ 350 ವರ್ಷ ತುಂಬಿತೆಂದು ನಗರದಲ್ಲಿ ಆಚರಣೆಯೂ ನಡೆದಿತ್ತಂತೆ. ಕಟ್ಟಡವಿಲ್ಲದ ಕಾಲದಲ್ಲಿ ಸಂಗ್ರಹಾಲಯ ಹುಟ್ಟಿದ್ದಾದರೂ ಹೇಗೆ? ಅಷ್ಟೇ ಅಲ್ಲ, ನಗರವೊಂದರ ಒಡೆತನದಲ್ಲಿರುವ ಜಗತ್ತಿನ ಮೊದಲ ಸಾರ್ವಜನಿಕ ಕಲಾ ಸಂಗ್ರಹ ಇದೇ ಎಂಬ ಮಾತನ್ನೂ ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅದು ಎಷ್ಟರಮಟ್ಟಿಗೆ ನಿಜ?

ಇನ್ನೊಂದು ವಿಷಯ. 1967ರಲ್ಲಿ ಪಿಕಾಸೊನ ಎರಡು ಚಿತ್ರಗಳನ್ನು ಕೊಳ್ಳುವುದೋ ಬೇಡವೋ ಎಂದು ಈ ಊರಿನವರು ಮತ ಹಾಕಿ ತೀರ್ಮಾನಿಸಿದರೆಂದು ನಮ್ಮ ಕಚೇರಿಯ ಹಿರಿಯರೊಬ್ಬರು ಹೇಳಿದರು. ಚುನಾವಣೆಯಲ್ಲಿ ರಸ್ತೆ, ನೀರು, ಅಕ್ಕಿಯ ಮಾತು ಕೇಳಿ ಬೆಳೆದ ನನಗೆ ಇದು ಕಟ್ಟುಕಥೆಯಂತೆ ಕಂಡಿತು. ಬಲ್ಲವರು ಸವಿಸ್ತಾರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಇತಿಹಾಸಾಸಕ್ತ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಮೆರ್ಬಾಖ್ ಎಂಬ ಮನೆತನದ ಕಥೆಯಲ್ಲಿದೆ. ಯೋಹಾನೆಸ್ ಅಮೆರ್ಬಾಖ್ ಹದಿನೈದನೆಯ ಶತಮಾನದ ಕೊನೆಯಲ್ಲಿ ಬಾಸೆಲ್‌ನಲ್ಲಿ ಮುದ್ರಣಾಲಯ ನಡೆಸುತ್ತಿದ್ದವನು. ಅವನ ಮಗ ಬೋನಿಫಾಸಿಯುಸ್ ಕಾನೂನು ಪ್ರಾಧ್ಯಾಪಕ, ವಿದ್ವಾಂಸ ಎರಾಸ್ಮಸ್‌ನ ಆಪ್ತ ಗೆಳೆಯ. 1536ರಲ್ಲಿ ಬಾಸೆಲ್‌ನಲ್ಲಿಯೇ ತೀರಿಕೊಂಡ ಎರಾಸ್ಮಸ್ ತನ್ನ ಆಸ್ತಿಗೆ ಇವನನ್ನೇ ವಾರಸುದಾರನನ್ನಾಗಿ ಮಾಡಿದ್ದ. ಇದೇ ವಲಯದಲ್ಲಿ ಓಡಾಡಿಕೊಂಡಿದ್ದ ತರುಣ ಚಿತ್ರಕಾರ ಹಾನ್ಸ್ ಹೋಲ್ಬೈನ್ 1519ರಲ್ಲಿ ಬೋನಿಫಾಸಿಯುಸ್‌ನ ಭಾವಚಿತ್ರ ಬರೆದ. ಮೂರನೆಯ ತಲೆಮಾರಿನ ಬಾಸಿಲಿಯುಸ್ (1533–1591) ನಿಜವಾದ ಸಂಗ್ರಾಹಕ. ಹೋಲ್ಬೈನ್ ಇಂಗ್ಲೆಂಡಿಗೆ ಹೊರಟುಹೋಗಿ, ಅಲ್ಲಿ ಎಂಟನೆಯ ಹೆನ್ರಿಯ ಆಸ್ಥಾನ ಸೇರಿ, ಅಲ್ಲಿಯೇ ಸತ್ತ ಮೇಲೆ, ಅವನು ಬಾಸೆಲ್‌ನಲ್ಲಿ ಬಿಟ್ಟುಹೋದ ವರ್ಣಚಿತ್ರ, ರೇಖಾಚಿತ್ರಗಳನ್ನು ಬಾಸಿಲಿಯುಸ್ ಹುಡುಕಿ ಹುಡುಕಿ ಒಟ್ಟುಮಾಡಿದ. ಅವನ್ನಿಡಲು ಮನೆಯಲ್ಲಿ ಪ್ರತ್ಯೇಕ ಕೋಣೆಯನ್ನೇ ಕಟ್ಟಿಸಿ, ಇರುವ ವಸ್ತುಗಳಿಗೆಲ್ಲ ಪಟ್ಟಿ ಬರೆದಿಟ್ಟ. ಆ ಪಟ್ಟಿಗಳು ಉಳಿದುಬಂದಿರುವುದರಿಂದಲೇ ಯಾವ ಚಿತ್ರ ಯಾರದೆಂಬ ವಿಚಾರದಲ್ಲಿ ಬಾಸೆಲ್‌ನವರಿಗೆ ಇಂದಿಗೂ ಅಷ್ಟೊಂದು ಖಚಿತತೆ ಸಾಧ್ಯವಾಗಿದೆ.

ಬಾಸಿಲಿಯುಸ್‌ಗೆ ಮಕ್ಕಳಿರಲಿಲ್ಲ. ಸಂಗ್ರಹ ಬಂಧುಗಳ ಕೈಸೇರಿತು. ಎರಡು ತಲೆಮಾರಿನ ಬಳಿಕ ಅವರು ಅದನ್ನು ಮಾರಲು ಹೊರಟಾಗ ಕೊಳ್ಳಲು ಮುಂದೆ ಬಂದದ್ದು ಆಮ್‌ಸ್ಟರ್‌ಡಾಮ್. ಆ ಕಾಲದ ಆಮ್‌ಸ್ಟರ್‌ಡಾಮ್‌ನ ಸಿರಿವಂತಿಕೆಯ ಎದುರು ಬಾಸೆಲ್ ಯಾವ ಲೆಕ್ಕ? ಆದರೂ ಮೇಯರ್ ಯೋಹಾನ್ ರುಡಾಲ್ಫ್ ವೆಟ್‌ಸ್ಟೈನ್ ಅವರ ಕಾಲದಲ್ಲಿ, 1661ರಲ್ಲಿ, ನಗರವೂ ವಿಶ್ವವಿದ್ಯಾಲಯವೂ ಸೇರಿ 9,000 ರೈಖ್‌ಸ್ತಾಲರ್ (ಆ ಕಾಲದ ಬೆಳ್ಳಿ ನಾಣ್ಯ) ಕೊಟ್ಟು ಇಡೀ ಸಂಗ್ರಹವನ್ನು ಕೊಂಡವು. ಹತ್ತು ವರ್ಷಗಳ ಬಳಿಕ, 1671ರಲ್ಲಿ, ಪ್ರಧಾನ ಚರ್ಚಿನ ಚೌಕದ ಬಳಿಯಿರುವ ಹೌಸ್ ಜುರ್ ಮ್ಯುಕೆ ಎಂಬ ಹಳೆಯ ಮನೆಯಲ್ಲಿ ಪುಸ್ತಕ ಭಂಡಾರದ ಜತೆಗೆ ಅದನ್ನು ಜನರ ವೀಕ್ಷಣೆಗೆ ತೆರೆದರು. ಆದ್ದರಿಂದ ಅವರು ಎಣಿಸುತ್ತಿರುವುದು ಗೋಡೆ ಎದ್ದ ದಿನವನ್ನಾಗಲಿ ಬಾಗಿಲು ತೆರೆದ ದಿನವನ್ನಾಗಲಿ ಅಲ್ಲ, ಒಬ್ಬರ ಮನೆಯ ಸೊತ್ತು ಊರಿನ ಸೊತ್ತಾದ ವರ್ಷವನ್ನು. ನನಗೆ ಈ ಎಣಿಕೆ ಸರಿಯಾದದ್ದೆಂದೇ ತೋರುತ್ತದೆ. ಕಟ್ಟಡಗಳು ಆ ಸಂಗ್ರಹಕ್ಕೆ ಕಾಲಕಾಲಕ್ಕೆ ಸಿಕ್ಕ ಬಿಡಾರಗಳು ಮಾತ್ರ.

ಅಲ್ಲಿಗೆ ಹೋದಾಗ ಎರಡು ಹೋಲ್ಬೈನ್ ಚಿತ್ರಗಳ ಮುಂದೆ ನಿಧಾನವಾಗಿ ನಿಲ್ಲಬೇಕೆಂದು ಸೂಚಿಸುತ್ತೇನೆ. ಒಂದು, ಸಮಾಧಿಯಲ್ಲಿ ಮಲಗಿರುವ ಕ್ರಿಸ್ತನ ಶವದ ಚಿತ್ರ. ಅಗಲ ಎರಡು ಮೀಟರ್, ಎತ್ತರ ಮೂವತ್ತು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಶವವನ್ನು ತುರುಕಿದ ಗೂಡಿನ ಪಕ್ಕದ ಗೋಡೆಯನ್ನು ತೆಗೆದು ತೋರಿಸಿದಂತಿದೆ. ತೆರೆದ ಬಾಯಿ, ಮೇಲಕ್ಕೆ ತಿರುಗಿ ನಿಂತ ಕಣ್ಣು, ಹಸಿರುಗಟ್ಟಲು ತೊಡಗಿರುವ ಕೈ, ಬಿಳಿ ವಸ್ತ್ರದ ಅಂಚಿನಲ್ಲಿ ನೀಳವಾಗಿ ಚಾಚಿದ ನಡುಬೆರಳು. ದೈವತ್ವದ ಒಂದು ಗೆರೆಯನ್ನೂ ಚಿತ್ರಕಾರ ಉಳಿಸಿಲ್ಲ. ಇನ್ನೊಂದು, ಅವನು 1528–29ರ ಸುಮಾರಿಗೆ ಬರೆದ ತನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳ ಚಿತ್ರ. ಕಾಗದದ ಮೇಲೆ ಬರೆದದ್ದನ್ನು ಮೈಗೆರೆಯ ಗುಂಟ ಕತ್ತರಿಸಿ ಹಲಗೆಗೆ ಅಂಟಿಸಲಾಗಿದೆ. ಹತ್ತಿರದಿಂದ ನೋಡಿದರೆ ಆ ಕತ್ತರಿಯ ಅಂಚು ಗೊತ್ತಾಗುತ್ತದೆ. ಮಕ್ಕಳು ಮಡಿಲಲ್ಲಿ, ಅತ್ತು ಕೆಂಪಾದಂತಿರುವ ಕಣ್ಣು. ಇದನ್ನೂ ಬಾಸಿಲಿಯುಸನೇ ಸಂಗ್ರಹಿಸಿದ್ದು.

ಇನ್ನು 'ಜಗತ್ತಿನ ಮೊದಲನೆಯದು' ಎಂಬ ಮಾತು. ಇಂಥ ಬಿರುದುಗಳನ್ನು ಸ್ವಲ್ಪ ಎಚ್ಚರದಿಂದ ಸ್ವೀಕರಿಸುವುದು ಒಳ್ಳೆಯದು. ಪೋಪ್ ನಾಲ್ಕನೆಯ ಸಿಕ್ಸ್ಟಸ್ 1471ರಲ್ಲಿಯೇ ಪ್ರಾಚೀನ ಕಂಚಿನ ಪ್ರತಿಮೆಗಳನ್ನು ರೋಮಿನ ಜನರಿಗೆಂದು ಕೊಟ್ಟಿದ್ದ. ಕ್ಯಾಪಿಟೊಲಿನ್ ಗುಡ್ಡದ ಸಂಗ್ರಹಾಲಯಗಳು ತಮ್ಮ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತವೆ. ಆದರೆ ಅದು ಮೇಲಿನಿಂದ ಇಳಿದುಬಂದ ದಾನ, ಮತ್ತು ಅದು ಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದದ್ದು 1734ರಲ್ಲಿ. ಆಕ್ಸ್‌ಫರ್ಡಿನ ಆಶ್ಮೋಲಿಯನ್ 1683ರದು, ಬ್ರಿಟಿಷ್ ಮ್ಯೂಸಿಯಂ ತೆರೆದದ್ದು 1759ರಲ್ಲಿ, ಲೂವ್ರ್ 1793ರಲ್ಲಿ. ರಾಜನಾಗಲಿ ಪೋಪನಾಗಲಿ ಇಲ್ಲದ ಊರೊಂದು ತನ್ನ ಬೊಕ್ಕಸದ ಹಣ ಕೊಟ್ಟು ಕಲಾ ಸಂಗ್ರಹವೊಂದನ್ನು ಕೊಂಡು, ಅದನ್ನು ಇಂದಿನವರೆಗೂ ಕೈಬಿಡದೆ ಉಳಿಸಿಕೊಂಡಿದೆ ಎಂಬ ಅರ್ಥದಲ್ಲಿ ಬಾಸೆಲ್‌ನ ಮಾತನ್ನು ಒಪ್ಪಬಹುದು.

ಉತ್ತರ: ದಾಖಲೆಪ್ರಿಯ

ಮೇಲಿನ ವಿವರಣೆಗೆ ಒಂದು ಅಧ್ಯಾಯವನ್ನು ಸೇರಿಸಬಯಸುತ್ತೇನೆ, ಏಕೆಂದರೆ 'ಇಂದಿನವರೆಗೂ ಕೈಬಿಡದೆ' ಎಂಬ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿ ಸುಳ್ಳಾಗುವುದರಲ್ಲಿತ್ತು. 1833ರಲ್ಲಿ ನಗರಕ್ಕೂ ಸುತ್ತಲಿನ ಗ್ರಾಮಾಂತರಕ್ಕೂ ರಕ್ತಪಾತವಾಗುವಷ್ಟು ಜಗಳ ಬೆಳೆದು ಬಾಸೆಲ್ ಪ್ರಾಂತ್ಯವೇ ಎರಡು ಹೋಳಾಯಿತು. ಅಣ್ಣತಮ್ಮಂದಿರು ಪಾಲಾದಾಗ ಪಾತ್ರೆಪಗಡೆಯನ್ನೂ ಹಂಚಿಕೊಳ್ಳುವಂತೆ ಸಾರ್ವಜನಿಕ ಆಸ್ತಿಯೆಲ್ಲವೂ ಪಾಲಿಗೆ ಬಂತು. ವಿಶ್ವವಿದ್ಯಾಲಯದ ಆಸ್ತಿಯೂ, ಅದರೊಂದಿಗೆ ಅಮೆರ್ಬಾಖ್ ಸಂಗ್ರಹವೂ ಲೆಕ್ಕಕ್ಕೆ ಸೇರಿದವು. ಗ್ರಾಮಾಂತರದ ಪಾಲಿನ ಮೌಲ್ಯವನ್ನು ಹಣದಲ್ಲಿ ಕೊಟ್ಟು ನಗರ ಅದನ್ನು ಇಡಿಯಾಗಿ ಉಳಿಸಿಕೊಂಡಿತು. ಒಂದು ಅರ್ಥದಲ್ಲಿ ತನ್ನದನ್ನೇ ಎರಡನೆಯ ಸಲ ಕೊಂಡಿತು. ಬಳಿಕ 1836ರಲ್ಲಿ, ಈ ಸಂಗ್ರಹಗಳು ನಗರಕ್ಕೆ ಬಿಡಿಸಲಾಗದಂತೆ ಸೇರಿದವೆಂದು ಕಾನೂನನ್ನೂ ಮಾಡಿಕೊಂಡಿತು.

ಹಾಗೆ ಮಾಡದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ನಿದರ್ಶನ ಅದೇ ಪಾಲುಪಟ್ಟಿಯಲ್ಲಿದೆ. ಪ್ರಧಾನ ಚರ್ಚಿನ ಭಂಡಾರದಲ್ಲಿದ್ದ ಮಧ್ಯಯುಗದ ಚಿನ್ನ ಬೆಳ್ಳಿಯ ಪೂಜಾವಸ್ತುಗಳಲ್ಲಿ ಮೂರನೆಯ ಎರಡು ಪಾಲು ಗ್ರಾಮಾಂತರಕ್ಕೆ ಹೋಯಿತು. ಹೊಸದಾಗಿ ಹುಟ್ಟಿ ಹಣದ ಮುಗ್ಗಟ್ಟಿನಲ್ಲಿದ್ದ ಆ ಪ್ರಾಂತ್ಯ 1836ರಲ್ಲಿ ಅದನ್ನು ಲೀಸ್ಟಾಲ್ ಪಟ್ಟಣದಲ್ಲಿ ಹರಾಜು ಹಾಕಿತು. ಹನ್ನೊಂದನೆಯ ಶತಮಾನದ ಚಕ್ರವರ್ತಿ ಎರಡನೆಯ ಹೆನ್ರಿ ಕೊಟ್ಟದ್ದೆಂದು ಪ್ರಸಿದ್ಧವಾದ, ವೇದಿಕೆಯ ಮುಂಭಾಗಕ್ಕೆ ಹೊದಿಸುವ ಚಿನ್ನದ ಫಲಕ ಇಂದು ಇರುವುದು ಪ್ಯಾರಿಸ್ಸಿನ ಕ್ಲ್ಯೂನಿ ಸಂಗ್ರಹಾಲಯದಲ್ಲಿ. ಬಾಸೆಲ್‌ನವರು ತಮ್ಮ ಚಿನ್ನವನ್ನು ನೋಡಲು ರೈಲು ಹತ್ತಬೇಕು.

ಉತ್ತರ: ರೈನ್ ತೀರದಿಂದ

ಪಿಕಾಸೊ ಮತದಾನದ ಕಥೆ ಅಕ್ಷರಶಃ ನಿಜ. ಅದರ ಆರಂಭ ಚಿತ್ರಕಲೆಯಿಂದ ಬಹಳ ದೂರ, ವಿಮಾನ ಅಪಘಾತವೊಂದರಲ್ಲಿದೆ. ಬಾಸೆಲ್ ಮೂಲದ ಗ್ಲೋಬ್ ಏರ್ ಕಂಪನಿಯ ವಿಮಾನವೊಂದು 1967ರ ಏಪ್ರಿಲ್‌ನಲ್ಲಿ ಪ್ರವಾಸಿಗರನ್ನು ಹೊತ್ತು ಬ್ಯಾಂಕಾಕ್‌ನಿಂದ ಹೊರಟು, ಕೊಲಂಬೊ, ಬೊಂಬಾಯಿಗಳಲ್ಲಿ ಇಳಿದು, ಕೈರೋದ ಕಡೆಗೆ ಹಾರಿತು. ಅಲ್ಲಿ ಹವಾಮಾನ ಕೆಟ್ಟಿದ್ದರಿಂದ ಸೈಪ್ರಸ್‌ನ ನಿಕೋಸಿಯಾದತ್ತ ತಿರುಗಿ, ಗುಡುಗು ಮಳೆಯ ರಾತ್ರಿಯಲ್ಲಿ ಇಳಿಯಲು ಹೋಗಿ ಗುಡ್ಡಕ್ಕೆ ಬಡಿಯಿತು. 126 ಜನ ಸತ್ತರು. ಕಂಪನಿ ಮುಳುಗಿತು. ಅದರ ಮುಖ್ಯ ಷೇರುದಾರರು ಬಾಸೆಲ್‌ನ ಸ್ಟೇಖೆಲಿನ್ ಮನೆತನದವರು. ಆ ಕುಟುಂಬದ ಪ್ರತಿಷ್ಠಾನಕ್ಕೆ ಸೇರಿದ ಅಮೂಲ್ಯ ಚಿತ್ರಗಳು ವರ್ಷಗಟ್ಟಲೆಯಿಂದ ಎರವಲಿನ ಮೇಲೆ ನಗರದ ಕಲಾ ಸಂಗ್ರಹಾಲಯದಲ್ಲಿ ತೂಗುತ್ತಿದ್ದವು. ಸಾಲ ತೀರಿಸಲು ಅವುಗಳಲ್ಲಿ ಕೆಲವನ್ನು ಮಾರಲೇಬೇಕಾಯಿತು. ವಾನ್ ಗೋನ ಒಂದು ಚಿತ್ರ ಮಾರಾಟವಾಗಿ ಊರು ಬಿಟ್ಟೇ ಹೋಯಿತು. ಮುಂದಿನ ಸರದಿ ಪಿಕಾಸೊನ ಎರಡು ಚಿತ್ರಗಳದು: 1906ರ 'ಇಬ್ಬರು ಸೋದರರು' ಮತ್ತು 1923ರ 'ಕುಳಿತ ವಿದೂಷಕ'.

ಎರಡಕ್ಕೂ ಸೇರಿ ಕೇಳಿದ ಬೆಲೆ 84 ಲಕ್ಷ ಫ್ರಾಂಕ್. ಪ್ರಾಂತ್ಯದ ಶಾಸನಸಭೆ 60 ಲಕ್ಷ ಕೊಡಲು ಒಪ್ಪಿತು. ಉಳಿದ 24 ಲಕ್ಷವನ್ನು ಜನರೇ ಕೂಡಿಸಬೇಕೆಂದಾಯಿತು. ಸಭೆ ಒಪ್ಪಿದರೆ ಮುಗಿಯಲಿಲ್ಲ. ಈ ದೇಶದಲ್ಲಿ ಸರ್ಕಾರದ ದೊಡ್ಡ ಖರ್ಚನ್ನು ಒಪ್ಪದ ನಾಗರಿಕರು ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿದರೆ ಆ ತೀರ್ಮಾನವನ್ನು ಜನಮತಗಣನೆಗೆ ಒಡ್ಡಲೇಬೇಕು. ವಿರೋಧಿಗಳು ಸಹಿ ಕೂಡಿಸಿದರು. ಅವರ ಆಕ್ಷೇಪವನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಜನ ಬಾಡಿಗೆ ಮನೆಗೆ ಪರದಾಡುತ್ತಿರುವಾಗ, ಆಸ್ಪತ್ರೆ, ಶಾಲೆಗಳಿಗೆ ಹಣ ಬೇಕಿರುವಾಗ, ಶ್ರೀಮಂತರ ವ್ಯವಹಾರ ನಷ್ಟವಾಯಿತೆಂದು ತೆರಿಗೆಯ ಹಣದಿಂದ ಎರಡು ಚಿತ್ರ ಕೊಳ್ಳುವುದೇಕೆ ಎಂಬುದು ಎಲ್ಲಿಯಾದರೂ ಏಳಬಹುದಾದ ಪ್ರಶ್ನೆ.

ಪರವಾಗಿದ್ದವರು ಇದಕ್ಕೆ ವಾದದಿಂದಷ್ಟೇ ಅಲ್ಲ, ಹಬ್ಬದಿಂದ ಉತ್ತರ ಕೊಟ್ಟರು. ನವೆಂಬರ್ 25ರಂದು 'ಭಿಕ್ಷುಕರ ಹಬ್ಬ' ಎಂಬ ಹೆಸರಿನಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ತಿಂಡಿ ಮಾರಿದರು, ಬೂಟು ಒರೆಸಿದರು, ಹಾಡಿದರು, ಡಬ್ಬಿ ಕುಲುಕಿದರು. ವಿದ್ಯಾರ್ಥಿಗಳ ಎದೆಯ ಮೇಲೆ 'ಐ ಲೈಕ್ ಪಾಬ್ಲೊ' ಎಂಬ ಬಿಲ್ಲೆ. ನೂರಾರು ವರ್ಷಗಳಿಂದ ಫಾಸ್ನಾಖ್ಟ್ ಜಾತ್ರೆಯಲ್ಲಿ ಮುಖವಾಡ ತೊಟ್ಟು ದೊಡ್ಡವರನ್ನು ಅಣಕಿಸುವುದನ್ನು ರೂಢಿಸಿಕೊಂಡ ಊರಿಗೆ ಭಿಕ್ಷುಕರ ವೇಷ ಹಾಕುವುದು ಹೊಸದೇನಲ್ಲ. ಜನರ ಪಾಲಿನ ಹಣ ಕೂಡಿಬಂತು. ಡಿಸೆಂಬರ್ 17ರಂದು ನಡೆದ ಮತದಾನದಲ್ಲಿ ಸುಮಾರು 32 ಸಾವಿರ ಮತ ಪರವಾಗಿ, ಸುಮಾರು 27 ಸಾವಿರ ವಿರುದ್ಧವಾಗಿ ಬಿದ್ದವು. ಸ್ವಿಟ್ಜರ್ಲೆಂಡಿನ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ಬಾಸೆಲ್ ನಗರಪ್ರಾಂತ್ಯ 1966ರಲ್ಲಿಯೇ ಅದನ್ನು ಕೊಟ್ಟಿದ್ದರಿಂದ ಈ ಮತದಾನದಲ್ಲಿ ಹೆಂಗಸರೂ ಭಾಗವಹಿಸಿದರೆಂಬುದನ್ನು ಈ ಕಥೆ ಹೇಳುವವರು ಮರೆತುಬಿಡುತ್ತಾರೆ.

ಸುದ್ದಿ ದಕ್ಷಿಣ ಫ್ರಾನ್ಸಿನಲ್ಲಿದ್ದ ಪಿಕಾಸೊನ ಕಿವಿಗೆ ಬಿತ್ತು. ಅವನಿಗೆ ಆಗ 86 ವರ್ಷ. ಸಂಗ್ರಹಾಲಯದ ನಿರ್ದೇಶಕ ಫ್ರಾಂಜ್ ಮೇಯರ್ ಅವರನ್ನು ತನ್ನ ಮನೆಗೆ ಕರೆಸಿಕೊಂಡು ನಾಲ್ಕು ಕೃತಿಗಳನ್ನು ಉಡುಗೊರೆಯಾಗಿ ಕೊಟ್ಟ. ಒಂದು 1906ರ ಗಂಡು, ಹೆಣ್ಣು, ಮಗುವಿನ ಚಿತ್ರ. ಇನ್ನೊಂದು, ಇಪ್ಪತ್ತನೆಯ ಶತಮಾನದ ಚಿತ್ರಕಲೆಯ ದಿಕ್ಕನ್ನೇ ಬದಲಿಸಿದ 'ಅವಿನ್ಯೊದ ತರುಣಿಯರು' ಚಿತ್ರಕ್ಕಾಗಿ 1907ರಲ್ಲಿ ಮಾಡಿಕೊಂಡ ಅಭ್ಯಾಸಚಿತ್ರ. ಉಳಿದೆರಡು 1967ರಲ್ಲಿಯೇ ಬರೆದ ದೊಡ್ಡ ಕ್ಯಾನ್ವಾಸುಗಳು. ಇದನ್ನು ಕಂಡು ಬಾಸೆಲ್‌ನ ಸಂಗ್ರಾಹಕಿ ಮಾಯಾ ಸಾಖರ್ ತಮ್ಮಲ್ಲಿದ್ದ 1912ರ 'ಕವಿ' ಎಂಬ ಪಿಕಾಸೊ ಚಿತ್ರವನ್ನೂ ಕೊಟ್ಟರು. ಎರಡನ್ನು ಉಳಿಸಿಕೊಳ್ಳಲು ಹೊರಟವರಿಗೆ ಏಳು ದಕ್ಕಿದವು.

ಉತ್ತರ: ಸಂದೇಹಿ

ಮೇಲಿನವರೆಲ್ಲ ಬರೆದದ್ದು ಸತ್ಯವೇ. ಆದರೆ ವಾರ್ಷಿಕೋತ್ಸವದ ನೆಪದಲ್ಲಿ ಹೇಳುವ ಕಥೆಗಳು ಸಿಹಿಯಾದವನ್ನೇ ಆಯ್ದುಕೊಳ್ಳುತ್ತವೆ. ಈ ಸಂಗ್ರಹದ ಬೆಳವಣಿಗೆಯಲ್ಲಿ 1933 ಮತ್ತು 1939 ಎಂಬ ಎರಡು ವರ್ಷಗಳಿವೆ. ಅವನ್ನು ಬಿಟ್ಟು 1661ರಿಂದ ನೇರವಾಗಿ 1967ಕ್ಕೆ ಜಿಗಿಯುವುದು ಸರಿಯಲ್ಲ.

1939ರದು ಹೆಚ್ಚು ಪ್ರಸಿದ್ಧ. ಜರ್ಮನಿಯ ನಾಜಿ ಸರ್ಕಾರ ತನ್ನದೇ ಸಾರ್ವಜನಿಕ ಸಂಗ್ರಹಾಲಯಗಳಿಂದ 'ಅವನತ ಕಲೆ' ಎಂಬ ಹಣೆಪಟ್ಟಿ ಹಚ್ಚಿ ಸಾವಿರಾರು ಕೃತಿಗಳನ್ನು ಕಿತ್ತುಹಾಕಿತು. ಅವುಗಳಲ್ಲಿ ಬೆಲೆ ಬರುವಂಥವನ್ನು ವಿದೇಶಿ ಹಣಕ್ಕಾಗಿ ಮಾರಲು ತೊಡಗಿತು. ಆಗಷ್ಟೇ ನಿರ್ದೇಶಕರಾಗಿದ್ದ ಗಿಯೋರ್ಗ್ ಶ್ಮಿಟ್ ನಗರದ ಸರ್ಕಾರದಿಂದ 50,000 ಫ್ರಾಂಕ್‌ಗಳ ವಿಶೇಷ ಅನುದಾನ ಪಡೆದು, ಲುಸರ್ನ್‌ನಲ್ಲಿ ಜೂನ್ 30ರಂದು ನಡೆದ ಹರಾಜಿನಲ್ಲಿಯೂ, ನೇರವಾಗಿ ಬರ್ಲಿನ್ನಿನ ದಾಸ್ತಾನಿನಿಂದಲೂ ಒಟ್ಟು 21 ಕೃತಿಗಳನ್ನು ಕೊಂಡರು. ಕೊಕೊಷ್ಕಾನ 'ಗಾಳಿಯ ವಧು', ಶಗಾಲ್‌ನ ರಬ್ಬಿಯ (ಯಹೂದಿ ಧರ್ಮಗುರುವಿನ) ಚಿತ್ರ, ಪೌಲಾ ಮೋಡರ್‌ಸೋನ್ ಬೆಕರ್ ಅವರ ಸ್ವಂತ ಭಾವಚಿತ್ರ, ಫ್ರಾಂಜ್ ಮಾರ್ಕ್‌ನ 'ಪ್ರಾಣಿಗಳ ವಿಧಿ' ಬಂದದ್ದು ಹೀಗೆ. ಮಾರ್ಕ್‌ನ ಚಿತ್ರವನ್ನು ನೋಡುವಾಗ ಅದರ ಬಲಗಡೆಯ ಮೂರನೆಯ ಒಂದು ಭಾಗವನ್ನು ಗಮನಿಸಿ. ಉಳಿದೆಡೆ ಕೆಂಪು, ನೀಲಿ, ಹಸಿರು ಬೆಂಕಿಯಂತೆ ಉರಿಯುತ್ತಿದ್ದರೆ, ಅಲ್ಲಿ ಮಾತ್ರ ಮಸುಕು ಕಂದುಬಣ್ಣವಿದೆ. 1916ರಲ್ಲಿ ವರ್ದನ್ ಯುದ್ಧಭೂಮಿಯಲ್ಲಿ ಮಾರ್ಕ್ ಸತ್ತ. ಆಮೇಲೆ ಗೋದಾಮಿನ ಬೆಂಕಿಯಲ್ಲಿ ಆ ಭಾಗ ಸುಟ್ಟುಹೋಯಿತು. ಅವನ ಗೆಳೆಯ ಪೌಲ್ ಕ್ಲೇ ಗೆರೆಗಳನ್ನು ಮರಳಿ ಬರೆದನಾದರೂ ಬಣ್ಣವನ್ನು ಬೇಕೆಂದೇ ಮಂಕಾಗಿಟ್ಟ, ಸುಟ್ಟದ್ದು ಸುಟ್ಟಂತೆ ತಿಳಿಯಲಿ ಎಂದು. ಇಂಥ ಕೃತಿ ಉಳಿಯಿತೆಂಬ ಸಮಾಧಾನ ಎಷ್ಟು ನಿಜವೋ, ಕೊಟ್ಟ ಹಣ ಯುದ್ಧಕ್ಕೆ ಸಜ್ಜಾಗುತ್ತಿದ್ದ ಸರ್ಕಾರದ ಕೈಗೆ ಸೇರಿತೆಂಬುದೂ ಅಷ್ಟೇ ನಿಜ.

1933ರದು ಇದಕ್ಕಿಂತ ಕಹಿ. ಬರ್ಲಿನ್ನಿನ ಕಲಾ ಗ್ರಂಥಾಲಯದ ನಿರ್ದೇಶಕರಾಗಿದ್ದ ಕುರ್ಟ್ ಗ್ಲಾಸರ್ ಯಹೂದಿಯೆಂಬ ಕಾರಣಕ್ಕೆ ಹುದ್ದೆ ಕಳೆದುಕೊಂಡರು. ಅದೇ ವರ್ಷ ತಮ್ಮ ಸಂಗ್ರಹದ ಬಹುಭಾಗವನ್ನು ಹರಾಜಿನಲ್ಲಿ ಮಾರಿ ದೇಶ ಬಿಟ್ಟರು. ಆ ಹರಾಜಿನಲ್ಲಿ ಬಾಸೆಲ್ ಸಂಗ್ರಹಾಲಯ ಸುಮಾರು 200 ರೇಖಾಚಿತ್ರ ಹಾಗೂ ಮುದ್ರಿತ ಚಿತ್ರಗಳನ್ನು ಅಗ್ಗದ ಬೆಲೆಗೆ ಕೊಂಡಿತು. ಮುಂಕ್‌ನ 'ಮಡೋನ್ನಾ' ಶಿಲಾಮುದ್ರಣವೂ ಅದರಲ್ಲಿದೆ. ವಾರಸುದಾರರು ಕೇಳಿದಾಗ 2008ರಲ್ಲಿ ನಗರ ಒಪ್ಪಲಿಲ್ಲ. ಹಳೆಯ ಕಡತಗಳನ್ನು ಮತ್ತೆ ಪರಿಶೀಲಿಸಿ, 2020ರಲ್ಲಿ ಪರಿಹಾರ ಕೊಟ್ಟು, ಕೃತಿಗಳನ್ನು ಉಳಿಸಿಕೊಳ್ಳುವ ಒಪ್ಪಂದಕ್ಕೆ ಬಂದಿತು. 2022ರಲ್ಲಿ ಗ್ಲಾಸರ್ ಅವರ ಬದುಕು ಮತ್ತು ಸಂಗ್ರಹದ ಬಗ್ಗೆ ವಿಸ್ತಾರವಾದ ಪ್ರದರ್ಶನವನ್ನೂ ನಡೆಸಿತು. ಊರಿನ ಸೊತ್ತು ಎಂದು ಹೆಮ್ಮೆಪಡುವವರು ಅದು ಊರಿಗೆ ಹೇಗೆ ಬಂತೆಂಬುದನ್ನೂ ಊರಿನ ಮುಂದೆ ಇಡಬೇಕು. ತಡವಾಗಿಯಾದರೂ ಇಟ್ಟರು ಎಂಬುದಕ್ಕೆ ನನ್ನ ಮೆಚ್ಚುಗೆಯಿದೆ, ತಡವಾಯಿತೆಂಬ ಆಕ್ಷೇಪವೂ ಇದೆ.

ಮರುಪ್ರಶ್ನೆ: ಮಲೆನಾಡಿನ ಓದುಗ

ಎಲ್ಲರಿಗೂ ವಂದನೆಗಳು. ಇಷ್ಟು ವಿವರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಇನ್ನೊಂದೇ ಸಂದೇಹ. ಸ್ಟೇಖೆಲಿನ್ ಕುಟುಂಬದ ಚಿತ್ರಗಳು ಎಷ್ಟೋ ವರ್ಷಗಳಿಂದ ಆ ಗೋಡೆಯ ಮೇಲೆಯೇ ಇದ್ದವು, ಜನ ನೋಡುತ್ತಲೇ ಇದ್ದರು. ಹಾಗಿರುವಾಗ ಒಡೆತನ ಯಾರದಾದರೇನು ಎಂದು ಕೇಳಬಹುದಲ್ಲವೇ? ಕೊಳ್ಳುವ ಬದಲು ಎರವಲನ್ನೇ ಮುಂದುವರಿಸುವ ದಾರಿ ಹುಡುಕಿದ್ದರೆ ತೆರಿಗೆದಾರರ ಹಣ ಉಳಿಯುತ್ತಿತ್ತು. ನಮ್ಮ ಕರ್ನಾಟಕದಲ್ಲಿ ಇದಕ್ಕೆ ಹೋಲಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಚಿತ್ರಕಲಾ ಮೇಷ್ಟ್ರು

ಎರವಲಿಗೂ ಒಡೆತನಕ್ಕೂ ಇರುವ ಅಂತರವನ್ನು ಬಾಸೆಲ್ ನಗರವೇ 2015ರಲ್ಲಿ ಮತ್ತೊಮ್ಮೆ ಅನುಭವಿಸಿತು. ಪಾಲ್ ಗೊಗೇನ್ 1892ರಲ್ಲಿ ತಾಹಿತಿಯಲ್ಲಿ ಬರೆದ ಇಬ್ಬರು ಹೆಂಗಸರ ಪ್ರಸಿದ್ಧ ಚಿತ್ರವೊಂದು ಅದೇ ಸ್ಟೇಖೆಲಿನ್ ಸಂಗ್ರಹದ್ದಾಗಿದ್ದು, ಸುಮಾರು ಅರ್ಧ ಶತಮಾನ ಈ ಸಂಗ್ರಹಾಲಯದಲ್ಲಿತ್ತು. ಊರಿನವರು ಅದು ತಮ್ಮದೇ ಎಂದು ಭಾವಿಸುವಷ್ಟು ರೂಢಿಯಾಗಿತ್ತು. ದುರಸ್ತಿಗಾಗಿ ಕಟ್ಟಡ ಮುಚ್ಚಿದ್ದ ವರ್ಷವೇ ಅದು ವಿದೇಶಿ ಕೊಳ್ಳುಗರಿಗೆ ಮಾರಾಟವಾದ ಸುದ್ದಿ ಬಂತು. ಮೊದಲು ಬೆಲೆಯನ್ನು 30 ಕೋಟಿ ಡಾಲರ್ ಎಂದರು, ಮುಂದೆ ನ್ಯಾಯಾಲಯದ ವ್ಯಾಜ್ಯದಲ್ಲಿ ಅದು 21 ಕೋಟಿ ಎಂದು ಹೊರಬಿತ್ತು. ಮಾರಿದವರ ತಪ್ಪೇನೂ ಇಲ್ಲ, ಅದು ಅವರ ಆಸ್ತಿ. 1967ರ ಚಿತ್ರಗಳನ್ನು ಎರವಲಾಗಿಯೇ ಬಿಟ್ಟಿದ್ದರೆ ಅವೂ ಇಷ್ಟರಲ್ಲಿ ಎಲ್ಲಿರುತ್ತಿದ್ದವೋ. ತೆರಿಗೆದಾರರ 60 ಲಕ್ಷ ಫ್ರಾಂಕ್ ವ್ಯರ್ಥವಾಯಿತೆಂದು ಇಂದು ಬಾಸೆಲ್‌ನಲ್ಲಿ ಯಾರೂ ವಾದಿಸಲಾರರು.

ನಮ್ಮ ಕಡೆಯ ಹೋಲಿಕೆಯನ್ನು ಜಾಗ್ರತೆಯಿಂದ ಮಾಡಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1915ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆರಂಭವಾದ ಚಿತ್ರಶಾಲೆ ರವಿವರ್ಮನಂಥವರ ಕೃತಿಗಳನ್ನು ಜನರಿಗೆ ತೋರಿಸಿತಾದರೂ ಮೂಲತಃ ಅದು ಅರಮನೆಯ ಸಂಗ್ರಹ. ಅದನ್ನು ಯುರೋಪಿನ ರಾಜರ ಸಂಗ್ರಹಗಳ ಜತೆ ಹೋಲಿಸುವುದು ಉಚಿತ. ಬಾಸೆಲ್‌ನ ಮಾದರಿಗೆ ಹತ್ತಿರವಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಊಟಿ, ಕೊಡೈಕೆನಾಲ್‌ಗಳ ಮಂಜು ಮತ್ತು ಬೆಳಕನ್ನು ಜಲವರ್ಣದಲ್ಲಿ ಹಿಡಿದವರು, ವೀಣೆಯನ್ನೂ ಅಷ್ಟೇ ನಿಷ್ಠೆಯಿಂದ ಸಾಧಿಸಿದವರು. ಅವರ ಕೃತಿಗಳು ಸಾರ್ವಜನಿಕ ಆಸ್ತಿಯಾಗಿ ಅಲ್ಲಿವೆ. ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಯೋಜನೆ ಬಂದಾಗ, 2016ರಲ್ಲಿ, ಕಲಾವಿದರು ಅದರ ಮುಂದೆ ಜಮಾಯಿಸಿ ವಿರೋಧಿಸಿದರು. ಹೊಸ ಕಟ್ಟಡ, ಹೊಸ ಹಣ ಬರುತ್ತದೆಂಬ ವಾದಕ್ಕೆ ಅವರ ಉತ್ತರ, ಇದು ಊರಿನ ಜಾಗ ಎಂಬುದಾಗಿತ್ತು. ಆದರೆ ಖಾಸಗಿ ಹಣ ಎಲ್ಲ ಸಂದರ್ಭದಲ್ಲಿಯೂ ಅಪಾಯವೆಂದು ನಾನು ಹೇಳಲಾರೆ. ಬಾಸೆಲ್‌ನ 2016ರ ಕಟ್ಟಡಕ್ಕೂ ಅರ್ಧದಷ್ಟು ಹಣ ಬಂದದ್ದು ದಾನಿಯೊಬ್ಬರ ಪ್ರತಿಷ್ಠಾನದಿಂದಲೇ. ಅಲ್ಲಿ ಒಡೆತನ ಯಾರದೆಂಬುದರಲ್ಲಿ ಗೊಂದಲವಿರಲಿಲ್ಲ, ಅಷ್ಟೆ.

ಕೊನೆಯದಾಗಿ, ಮುಂದಿನ ಸಲ ಹೋದಾಗ ಚಿತ್ರಗಳ ಪಕ್ಕದ ಚೀಟಿಗಳ ಕೊನೆಯ ಸಾಲನ್ನು ಓದಿಕೊಂಡು ಹೋಗಿ. ಕೃತಿ ಯಾವಾಗ, ಯಾರಿಂದ, ಯಾವ ಹಣದಿಂದ ಬಂತೆಂಬುದು ಅಲ್ಲಿರುತ್ತದೆ. ಹೋಲ್ಬೈನ್‌ನ ಕ್ರಿಸ್ತನ ಪಕ್ಕದಲ್ಲಿ ಅಮೆರ್ಬಾಖ್ ಸಂಗ್ರಹ, 1662 ಎಂದಿರುವುದನ್ನು ಕಂಡು ಗಲಿಬಿಲಿಗೊಳ್ಳಬೇಡಿ. ಅದು ದಾಖಲೆಗೆ ಸೇರಿದ ವರ್ಷ. ಮಾರ್ಕ್‌ನ ಚಿತ್ರದ ಬಳಿ ಬಾಸೆಲ್ ಸರ್ಕಾರದ ವಿಶೇಷ ಅನುದಾನದಿಂದ 1939ರಲ್ಲಿ ಕೊಂಡದ್ದೆಂಬ ಸಾಲಿದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊದಲು ತೋರಿಸಬೇಕಾದದ್ದು 'ಇಬ್ಬರು ಸೋದರರು', ತಮ್ಮನನ್ನು ಬೆನ್ನ ಮೇಲೆ ಹೊತ್ತ ಹುಡುಗನ ಆ ಚಿತ್ರ ಅವರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.